ಜಿ3 ಎಂಬ ಪೆಟ್ಟಿಗೆ

ಕ್ಯಾನ್ಸರಿನ ಪೆಥಾಲಜಿ ರಿಪೋರ್ಟು ಕೈಗೆ ಬಂದಾಗ ಮನೆಮಂದಿ ಮೊದಲು ಹುಡುಕುವುದು ಅಂಕಿಯನ್ನು. ಯಾವ ಸ್ಟೇಜು, ಎಷ್ಟನೇ ಗ್ರೇಡು, ಎಷ್ಟು ಪರ್ಸೆಂಟು. ಆ ಅಂಕಿಯ ಮೇಲಿನ ಸಾಲಿನಲ್ಲಿ ಗಡ್ಡೆಯ ಹೆಸರಿರುತ್ತದೆ. ಅದು ಉದ್ದ, ನಾಲಿಗೆಗೆ ಹೊರಳುವುದಿಲ್ಲ, ಹಾಗಾಗಿ ದಾಟಿಕೊಂಡು ಮುಂದೆ ಹೋಗುತ್ತೇವೆ. ನಾನಿಲ್ಲಿ ಬರೆಯುತ್ತಿರುವುದು ಅಂಥದೊಂದು ಹೆಸರಿನ ಇತಿಹಾಸ. 2010ರಿಂದ 2017ರವರೆಗೆ ಜಗತ್ತಿನ ಪೆಥಾಲಜಿಸ್ಟರು ಎರಡು ಬೇರೆ ಬೇರೆ ಕಾಯಿಲೆಗಳಿಗೆ ಒಂದೇ ಹೆಸರು ಬರೆದರು. ಅದೂ ಅಜ್ಞಾನದಿಂದಲ್ಲ, ನಿಯಮದ ಪ್ರಕಾರವೇ. ನಿಯಮ ಅಂಕಿಯ ಮೇಲೆ ನಿಂತಿತ್ತು.

ಕಾಯಿಲೆ ಯಾವುದೆಂದು ಮೊದಲು ಹೇಳಬೇಕು. ನಮ್ಮ ಕರುಳಿನಲ್ಲಿ, ಮೇದೋಜೀರಕ ಗ್ರಂಥಿಯಲ್ಲಿ, ಶ್ವಾಸಕೋಶದಲ್ಲಿ ಅಲ್ಲಲ್ಲಿ ಚದುರಿಕೊಂಡಿರುವ ಕೆಲವು ಕೋಶಗಳಿವೆ. ಅವಕ್ಕೆ ನರಕೋಶದ ಗುಣವೂ ಇದೆ, ಹಾರ್ಮೋನು ಸುರಿಸುವ ಗ್ರಂಥಿಯ ಗುಣವೂ ಇದೆ. ಅದಕ್ಕೇ ನ್ಯೂರೋಎಂಡೋಕ್ರೈನ್ ಎಂಬ ಜೋಡು ಹೆಸರು. ಇವುಗಳಿಂದ ಹುಟ್ಟುವ ಗಡ್ಡೆಯೇ ನ್ಯೂರೋಎಂಡೋಕ್ರೈನ್ ಗಡ್ಡೆ. 2018ರಲ್ಲಿ ನಟ ಇರ್ಫಾನ್ ಖಾನ್ ತಮಗೆ ಈ ಕಾಯಿಲೆ ಇದೆಯೆಂದು ತಿಳಿಸಿದಾಗ ನಮ್ಮಲ್ಲಿ ಬಹಳ ಜನ ಮೆದುಳಿನ ಗಡ್ಡೆ ಎಂದೇ ತಿಳಿದರು. ನಮ್ಮ ಕಂಪ್ಯೂಟರ್ ಮಂದಿಗೆ ಇನ್ನೊಂದು ಉದಾಹರಣೆ ಗೊತ್ತೇ ಇದೆ. ಸ್ಟೀವ್ ಜಾಬ್ಸ್‌ಗೆ 2003ರಲ್ಲಿ ಪತ್ತೆಯಾದದ್ದು ಮೇದೋಜೀರಕದ ನ್ಯೂರೋಎಂಡೋಕ್ರೈನ್ ಗಡ್ಡೆ. ಪತ್ರಿಕೆಗಳು ಸುಮ್ಮನೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಎಂದು ಬರೆದವು. ಸಾಮಾನ್ಯ ಪ್ಯಾಂಕ್ರಿಯಾಸ್ ಕ್ಯಾನ್ಸರಿನಲ್ಲಿ ಎಂಟು ವರ್ಷ ಬದುಕುವವರು ತೀರ ಅಪರೂಪ. ಅವರು 2011ರವರೆಗೆ ಇದ್ದರು. ಅಂಗ ಒಂದೇ, ಕಾಯಿಲೆ ಬೇರೆ.

ಈ ಗಡ್ಡೆಗೆ ಮೊದಲ ಹೆಸರು ಸಿಕ್ಕಿದ್ದು 1907ರಲ್ಲಿ. ಮ್ಯೂನಿಕ್‌ನ ಪೆಥಾಲಜಿಸ್ಟ್ ಸೀಗ್‌ಫ್ರೀಡ್ ಓಬರ್ನ್‌ಡೋರ್ಫರ್ ಸಣ್ಣ ಕರುಳಿನಲ್ಲಿ ಕೆಲವು ಪುಟ್ಟ ಗಂಟುಗಳನ್ನು ಕಂಡಿದ್ದರು. ಸೂಕ್ಷ್ಮದರ್ಶಕದಡಿ ನೋಡಿದರೆ ಕ್ಯಾನ್ಸರಿನಂತೆ ಕಾಣುತ್ತಿದ್ದವು, ಆದರೆ ನಡತೆ ಕ್ಯಾನ್ಸರಿನದಲ್ಲ: ನಿಧಾನವಾಗಿ ಬೆಳೆಯುತ್ತಿದ್ದವು, ಗಡಿ ದಾಟುತ್ತಿರಲಿಲ್ಲ. ಕಾರ್ಸಿನೋಮ ಎಂಬ ಪದಕ್ಕೆ 'ಆಯ್ಡ್' ಎಂಬ ಬಾಲ ಹಚ್ಚಿ ಅವರು ಕಾರ್ಸಿನಾಯ್ಡ್ ಎಂದರು. ಕ್ಯಾನ್ಸರಿನಂಥದ್ದು, ಕ್ಯಾನ್ಸರಲ್ಲ ಎಂದು ಅರ್ಥ. ಇಂಥ ಗಡ್ಡೆಗಳನ್ನು ಅವರಿಗಿಂತ ಮೊದಲೇ ಕಂಡವರಿದ್ದರು. ಲೂಬಾರ್ಷ್ 1888ರಲ್ಲೇ ಇಬ್ಬರು ರೋಗಿಗಳ ಬಗ್ಗೆ ಬರೆದಿದ್ದರು. ಆದರೆ ಹೆಸರಿಟ್ಟವರು ಓಬರ್ನ್‌ಡೋರ್ಫರ್.

ಆ ಹೆಸರು ಎಷ್ಟು ಮುದ್ದಾಗಿತ್ತೆಂದರೆ ಅದು ತಪ್ಪೆಂದು ಗೊತ್ತಾದ ಮೇಲೂ ಹೋಗಲಿಲ್ಲ. 1929ರಲ್ಲಿ ಓಬರ್ನ್‌ಡೋರ್ಫರ್ ಅವರೇ ತಮ್ಮ ಮಾತನ್ನು ತಿದ್ದಿಕೊಂಡರು: ಈ ಗಡ್ಡೆಗಳು ಕೆಲವೊಮ್ಮೆ ಮಾರಕವಾಗುತ್ತವೆ, ಬೇರೆ ಅಂಗಗಳಿಗೂ ಹರಡುತ್ತವೆ ಎಂದರು. ಯಹೂದಿಯಾಗಿದ್ದ ಅವರನ್ನು 1933ರಲ್ಲಿ ನಾಜಿ ಸರ್ಕಾರ ಹುದ್ದೆಯಿಂದ ತೆಗೆಯಿತು. ಅವರು ಇಸ್ತಾಂಬುಲ್‌ಗೆ ಹೋಗಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪೆಥಾಲಜಿ ಕಲಿಸಿದರು, 1944ರಲ್ಲಿ ಅಲ್ಲೇ ತೀರಿಕೊಂಡರು. ಊರು ಬಿಟ್ಟವರ ಪತ್ರಿಕೆಯಲ್ಲಿ ಇಷ್ಟನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ.

ಮುಂದಿನ ಐವತ್ತು ವರ್ಷಗಳ ಕತೆಯನ್ನು ಬೇಗ ಮುಗಿಸುತ್ತೇನೆ. 1914ರಲ್ಲಿ ಫ್ರಾನ್ಸಿನ ಗೋಸ್ಸೆ ಮತ್ತು ಮ್ಯಾಸೋಂ ಈ ಗಡ್ಡೆಗಳಿಗೆ ಬೆಳ್ಳಿಯ ಲವಣದ ಬಣ್ಣ ಹಿಡಿಯುತ್ತದೆಂದು ತೋರಿಸಿ, ಇವು ಕರುಳಿನ ಹಾರ್ಮೋನು ಕೋಶಗಳಿಂದ ಬಂದವು ಎಂದರು. 1953ರಲ್ಲಿ ಲೆಂಬೆಕ್ ಈ ಗಡ್ಡೆಯಲ್ಲಿ ಸೆರೊಟೋನಿನ್ ಕಂಡರು. ಕೆಲವು ರೋಗಿಗಳ ಮುಖ ಯಾಕೆ ಕೆಂಪೇರುತ್ತದೆ, ಭೇದಿ ಯಾಕೆ ನಿಲ್ಲುವುದಿಲ್ಲ ಎಂಬುದಕ್ಕೆ ಒಂದು ದಾರಿ ಸಿಕ್ಕಿತು. 1963ರಲ್ಲಿ ವಿಲಿಯಮ್ಸ್ ಮತ್ತು ಸ್ಯಾಂಡ್ಲರ್ ಭ್ರೂಣದ ಕರುಳು ಬೆಳೆಯುವ ಕ್ರಮ ಹಿಡಿದು ಮುಂಗರುಳು, ನಡುಗರುಳು, ಹಿಂಗರುಳು ಎಂದು ಈ ಗಡ್ಡೆಗಳನ್ನು ಮೂರು ಪಾಲು ಮಾಡಿದರು. ಇದೆಲ್ಲ ಗಡ್ಡೆ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ. ರೋಗಿಗೆ ಬೇಕಾಗಿದ್ದ ಪ್ರಶ್ನೆ ಬೇರೆ: ಇನ್ನೆಷ್ಟು ದಿನ, ಯಾವ ಔಷಧಿ?

ಆ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಈ ಕುಟುಂಬದ ಎರಡು ತುದಿಗಳನ್ನು ನೋಡಬೇಕು. ಒಂದು ತುದಿಯ ಗಡ್ಡೆಯ ಕೋಶಗಳು ತಮ್ಮ ಮೂಲ ಕೋಶದ ಹೋಲಿಕೆಯನ್ನು ಉಳಿಸಿಕೊಂಡಿರುತ್ತವೆ. ಒಂದೇ ಅಳತೆ, ಗುಂಡನೆಯ ಕೇಂದ್ರ, ಸಾಲುಗಟ್ಟಿ ಗೂಡು ಕಟ್ಟಿದಂಥ ಜೋಡಣೆ. ವೈದ್ಯರು ಇದನ್ನು ವೆಲ್ ಡಿಫರೆನ್ಷಿಯೇಟೆಡ್ ಎನ್ನುತ್ತಾರೆ. ನಾನು ರೂಪ ಉಳಿದ ಗಡ್ಡೆ ಎನ್ನುತ್ತೇನೆ. ಇನ್ನೊಂದು ತುದಿಯಲ್ಲಿ ಕೋಶಗಳು ಗುರುತೇ ಸಿಗದಷ್ಟು ಕೆಟ್ಟಿರುತ್ತವೆ. ಒಂದೋ ಒತ್ತೊತ್ತಾಗಿ ಬಿದ್ದ ಪುಟ್ಟ ಕೋಶಗಳು, ಇಲ್ಲವೇ ಅಡ್ಡಾದಿಡ್ಡಿ ದೊಡ್ಡ ಕೋಶಗಳು, ನಡುವೆ ಸತ್ತ ಕೋಶಗಳ ಹಾಸು. ಇದು ರೂಪಗೆಟ್ಟ ಗಡ್ಡೆ. ಸಿಗರೇಟು ಸೇದುವವರ ಶ್ವಾಸಕೋಶದಲ್ಲಿ ಬರುವ ಸ್ಮಾಲ್ ಸೆಲ್ ಕ್ಯಾನ್ಸರ್ ಇದರ ಹತ್ತಿರದ ನೆಂಟ.

1991ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಚಾರ್ಲ್ಸ್ ಮೋರ್ಟೆಲ್ ಮತ್ತು ಸಂಗಡಿಗರು ಒಂದು ಚಿಕ್ಕ ಅಧ್ಯಯನ ಪ್ರಕಟಿಸಿದರು. 45 ರೋಗಿಗಳು, ಎಲ್ಲರಿಗೂ ಎಟೊಪೊಸೈಡ್ ಮತ್ತು ಸಿಸ್‌ಪ್ಲಾಟಿನ್ ಎಂಬ ಒಂದೇ ಜೋಡಿ ಕೀಮೋ. ರೂಪ ಉಳಿದ ಗಡ್ಡೆಯಿದ್ದ 27 ಜನರಲ್ಲಿ ಇಬ್ಬರಿಗೆ ಮಾತ್ರ ಗಡ್ಡೆ ಕುಗ್ಗಿತು. ರೂಪಗೆಟ್ಟ ಗಡ್ಡೆಯಿದ್ದ 18 ಜನರಲ್ಲಿ 12 ಜನರಿಗೆ ಕುಗ್ಗಿತು. ಶೇಕಡಾ 7 ಎಲ್ಲಿ, ಶೇಕಡಾ 67 ಎಲ್ಲಿ! ಔಷಧಿ ಆರಿಸಬೇಕಾದರೆ ರೂಪ ನೋಡಿ ಎಂದು ಆ ಪುಟ್ಟ ಲೆಕ್ಕ ಅಂದೇ ಕೂಗಿ ಹೇಳಿತ್ತು. ಇಡೀ ಇತಿಹಾಸದಲ್ಲಿ ನನಗೆ ಅತಿ ಮುಖ್ಯವೆನಿಸುವ ಕಾಗದ ಇದೇ. ಯಾಕೆಂದರೆ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಅದನ್ನು ಎಲ್ಲರೂ ಉಲ್ಲೇಖಿಸಿದರು, ಆದರೆ ಅದರ ಅರ್ಧ ಮಾತನ್ನು ಮಾತ್ರ ಇಟ್ಟುಕೊಂಡರು. ವೇಗವಾಗಿ ಬೆಳೆಯುವ ನ್ಯೂರೋಎಂಡೋಕ್ರೈನ್ ಗಡ್ಡೆಗೆ ಸಿಸ್‌ಪ್ಲಾಟಿನ್ ಕೊಡಿ ಎಂಬ ಮಾತು ಉಳಿಯಿತು. ರೂಪ ನೋಡಿ ಎಂಬುದು ಮಸುಕಾಯಿತು.

ಮಸುಕಾಗಲು ಕಾರಣ ಒಂದು ಸಂಖ್ಯೆ. ಅದರ ಕತೆ ಸ್ವಾರಸ್ಯವಾಗಿದೆ. 1983ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಯೋಹಾನೆಸ್ ಗೆರ್ಡೆಸ್ ಮತ್ತು ಸಂಗಡಿಗರು ಒಂದು ಹೊಸ ಆ್ಯಂಟಿಬಾಡಿ ಕಂಡುಹಿಡಿದರು. ವಿಭಜನೆಯ ಚಕ್ರದಲ್ಲಿರುವ ಕೋಶಗಳಿಗೆ ಮಾತ್ರ ಅದು ಅಂಟುತ್ತಿತ್ತು, ವಿಶ್ರಾಂತಿಯಲ್ಲಿರುವ ಕೋಶಗಳಿಗೆ ಅಂಟುತ್ತಿರಲಿಲ್ಲ. ಊರಿನ ಹೆಸರಿನ ಮೊದಲೆರಡು ಅಕ್ಷರ, ಪ್ಲೇಟಿನಲ್ಲಿ ಅದು ಬೆಳೆದ ಕುಳಿಯ ನಂಬರು 67, ಎರಡೂ ಸೇರಿ ಕೆಐ-67 ಆಯಿತು. 1990ರ ದಶಕದಲ್ಲಿ ಮೇಣದಲ್ಲಿ ಹುದುಗಿಸಿಟ್ಟ ಸಾಮಾನ್ಯ ಬಯಾಪ್ಸಿ ತುಂಡಿನ ಮೇಲೂ ಕೆಲಸ ಮಾಡುವ ಆ್ಯಂಟಿಬಾಡಿ ಬಂದ ಮೇಲೆ ಅದು ಎಲ್ಲ ಲ್ಯಾಬುಗಳಿಗೂ ಹೊಕ್ಕಿತು. ನೂರು ಕೋಶ ಎಣಿಸಿದರೆ ಎಷ್ಟು ಕಂದು ಬಣ್ಣಕ್ಕೆ ತಿರುಗಿವೆ? ಅದೇ ಶೇಕಡಾವಾರು. ಗಡ್ಡೆಯ ವೇಗಕ್ಕೆ ಒಂದು ಸ್ಪೀಡೋಮೀಟರ್ ಸಿಕ್ಕಂತಾಯಿತು.

ಸಂಖ್ಯೆಯ ಆಕರ್ಷಣೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಪ್ರಾಜೆಕ್ಟ್ ಮ್ಯಾನೇಜರನ ಕೆಲಸವೇ ಅದು. 'ಈ ಮಾಡ್ಯೂಲ್ ಯಾಕೋ ಸರಿ ಕಾಣ್ತಿಲ್ಲ' ಎಂದು ಇಪ್ಪತ್ತು ವರ್ಷ ಅನುಭವದ ಎಂಜಿನಿಯರ್ ಹೇಳಿದರೆ ವರದಿಯಲ್ಲಿ ಬರೆಯಲು ಬರುವುದಿಲ್ಲ. ಶೇಕಡಾ 23 ಎಂದರೆ ಬರೆಯಬಹುದು. ರೂಪವೆಂಬುದು ನುರಿತ ಕಣ್ಣಿನ ತೀರ್ಪು, ಇಬ್ಬರು ನೋಡಿದರೆ ಎರಡು ಮಾತು ಬರಬಹುದು. ಸಂಖ್ಯೆ ಓಸ್ಲೋದಲ್ಲೂ ಒಂದೇ, ಪುಣೆಯಲ್ಲೂ ಒಂದೇ ಎಂಬ ಭರವಸೆ ಕೊಡುತ್ತದೆ. ಆದರೂ ಎಲ್ಲಿ ಎಣಿಸಿದಿರಿ, ಎಷ್ಟು ಕೋಶ ಎಣಿಸಿದಿರಿ, ಕಣ್ಣಂದಾಜೋ ಲೆಕ್ಕವೋ ಎಂಬುದರ ಮೇಲೆ ಅದೂ ಬದಲಾಗುತ್ತದೆ. ಈಗಿನ ನಿಯಮ ಹೇಳುವುದು ಅತಿ ಹೆಚ್ಚು ಬಣ್ಣ ಹಿಡಿದ ಜಾಗ ಹುಡುಕಿ ಕನಿಷ್ಠ 500 ಕೋಶ ಎಣಿಸಿ ಎಂದು.

ವಿಶ್ವ ಆರೋಗ್ಯ ಸಂಸ್ಥೆ ಗಡ್ಡೆಗಳ ವರ್ಗೀಕರಣಕ್ಕೆ ಪುಸ್ತಕಮಾಲೆಯೊಂದನ್ನು ತರುತ್ತದೆ, ಬ್ಲೂ ಬುಕ್ ಎಂದೇ ಅದಕ್ಕೆ ಹೆಸರು. ಅದರ 2000ದ ಪದ್ಧತಿಯಲ್ಲಿ ರೂಪ, ಗಾತ್ರ, ಹರಡಿದ್ದು, ಎಲ್ಲವನ್ನೂ ಕಲಸಿ ಹೆಸರು ಕೊಡುತ್ತಿದ್ದರು. ಬಳಸಲು ಕಷ್ಟ. ಯೂರೋಪಿನ ನ್ಯೂರೋಎಂಡೋಕ್ರೈನ್ ತಜ್ಞರ ಸಂಘ 2006 ಮತ್ತು 2007ರಲ್ಲಿ ಗ್ರೇಡ್ ಬೇರೆ, ಸ್ಟೇಜ್ ಬೇರೆ ಎಂದು ಬಿಡಿಸಿತು. ಅದು ದೊಡ್ಡ ಉಪಕಾರ. ಆ ದಾರಿಯಲ್ಲೇ ಬಂದ 2010ರ ಬ್ಲೂ ಬುಕ್ ಜೀರ್ಣಾಂಗಗಳ ನ್ಯೂರೋಎಂಡೋಕ್ರೈನ್ ಗಡ್ಡೆಗಳನ್ನು ಮೂರು ಪೆಟ್ಟಿಗೆಗೆ ಹಾಕಿತು. ಕೆಐ-67 ಶೇಕಡಾ 2ರವರೆಗೆ ಜಿ1. 3ರಿಂದ 20ರವರೆಗೆ ಜಿ2. 20 ದಾಟಿತೋ, ಜಿ3. ಕಣ್ಣಿಗೆ ಕಾಣುವ ಕೋಶವಿಭಜನೆಗಳ ಎಣಿಕೆಗೂ ಇಂಥದೇ ಗಡಿಗಳು. ಎರಡರಲ್ಲಿ ಯಾವುದು ಹೆಚ್ಚೋ ಅದರದೇ ಗ್ರೇಡು. ಜಿ1, ಜಿ2 ಆದರೆ ನ್ಯೂರೋಎಂಡೋಕ್ರೈನ್ ಟ್ಯೂಮರ್, ಅಂದರೆ ಗಡ್ಡೆ. ಜಿ3 ಆದರೆ ನ್ಯೂರೋಎಂಡೋಕ್ರೈನ್ ಕಾರ್ಸಿನೋಮ, ಸಿಸ್‌ಪ್ಲಾಟಿನ್ ಕೊಡಬೇಕಾದ ಕ್ಯಾನ್ಸರ್.

ಇಲ್ಲಿ ಒಂದು ಊಹೆ ಅಡಗಿ ಕೂತಿತ್ತು. ವೇಗ ಹೆಚ್ಚಿದ್ದರೆ ರೂಪ ಕೆಟ್ಟೇ ಇರುತ್ತದೆ ಎಂಬ ಊಹೆ. ಬಹುಪಾಲು ಅದು ನಿಜವೂ ಹೌದು. ಆದರೆ ರೂಪ ಚೆನ್ನಾಗಿ ಉಳಿದಿದ್ದು, ಕೆಐ-67 ಮಾತ್ರ 25, 30, 40 ಇರುವ ಗಡ್ಡೆಗಳೂ ಇದ್ದವು, ಹೆಚ್ಚಾಗಿ ಮೇದೋಜೀರಕದಲ್ಲಿ. ಅವಕ್ಕೆ ಪುಸ್ತಕದಲ್ಲಿ ಜಾಗವೇ ಇರಲಿಲ್ಲ. ಶೇಕಡಾ 25ರ ಈ ಗಡ್ಡೆಯೂ ಶೇಕಡಾ 95ರ ರೂಪಗೆಟ್ಟ ಗಡ್ಡೆಯೂ ಒಂದೇ ಹೆಸರು ಹೊತ್ತು ಹೊರಬಂದವು.

ಆ ಪೆಟ್ಟಿಗೆ ಬಿರುಕು ಬಿಟ್ಟಿದ್ದು 2013ರಲ್ಲಿ. ನಾರ್ವೆಯ ಹಾಲ್ಫ್‌ಡಾನ್ ಸೋರ್ಬಿ ಮುಂದಾಳತ್ವದಲ್ಲಿ ನಾರ್ಡಿಕ್ ದೇಶಗಳ ಆಸ್ಪತ್ರೆಗಳು ತಮ್ಮ ಹಳೆಯ ಫೈಲುಗಳನ್ನು ಒಟ್ಟುಗೂಡಿಸಿ 305 ಜಿ3 ರೋಗಿಗಳ ಲೆಕ್ಕ ತೆಗೆದವು. ಕೀಮೋ ಪಡೆದ 252 ಜನರ ಬದುಕಿನ ಮಧ್ಯಾಂಕ 11 ತಿಂಗಳು. ಕೀಮೋ ಇಲ್ಲದ 53 ಜನರದ್ದು 1 ತಿಂಗಳು. ಇಷ್ಟೇ ಆಗಿದ್ದರೆ ಇನ್ನೊಂದು ದುಃಖದ ಕೋಷ್ಟಕವಾಗಿ ಉಳಿಯುತ್ತಿತ್ತು. ಆದರೆ ಅವರು ಕೆಐ-67ರ ಪ್ರಕಾರ ಗುಂಪನ್ನು ಒಡೆದು ನೋಡಿದರು. ಶೇಕಡಾ 55ಕ್ಕಿಂತ ಕಡಿಮೆ ಇದ್ದವರಲ್ಲಿ ಕೀಮೋಗೆ ಗಡ್ಡೆ ಕುಗ್ಗಿದ್ದು ನೂರಕ್ಕೆ 15 ಜನರಿಗೆ. 55 ಮತ್ತು ಮೇಲಿದ್ದವರಲ್ಲಿ ನೂರಕ್ಕೆ 42 ಜನರಿಗೆ. ಹಾಗಾದರೆ ಹೆಚ್ಚು ದಿನ ಬದುಕಿದವರು ಯಾರು? ಔಷಧಿ ತಾಗದವರು. ಅವರದ್ದು 14 ತಿಂಗಳು, ಔಷಧಿ ತಾಗಿದ ಗುಂಪಿನದ್ದು 10.

ಈ ಸಾಲನ್ನು ಮೊದಲ ಸಲ ಓದಿದಾಗ ಅಚ್ಚಿನ ತಪ್ಪಿರಬೇಕು ಅನಿಸುತ್ತದೆ. ಔಷಧಿಗೆ ಜಗ್ಗದವರು ಹೆಚ್ಚು ಬದುಕುವುದೆಂದರೇನು? ಡೇಟಾ ಜೊತೆ ಕೆಲಸ ಮಾಡಿದವರಿಗೆ ಗೊತ್ತು, ಇಂಥ ತಲೆಕೆಳಗಾದ ಫಲಿತಾಂಶ ಬಂದರೆ ಒಂದು ಗುಂಪಿನ ಹೆಸರಿನಲ್ಲಿ ಎರಡು ಗುಂಪು ಬೆರೆತಿದೆ ಎಂದೇ ಮೊದಲ ಅನುಮಾನ. ಎಲ್ಲರ ಸರಾಸರಿ ತೆಗೆದರೆ ಕೀಮೋ ನೂರಕ್ಕೆ 31 ಜನರಿಗೆ ಕೆಲಸ ಮಾಡಿತು. ಆದರೆ ಆ 31ರಂತೆ ಇರುವ ರೋಗಿ ಎಲ್ಲೂ ಇಲ್ಲ. ಒಬ್ಬರಿಗೆ ಬೆಳೆಯುವ ವೇಗ ಕಡಿಮೆ, ಔಷಧಿಯೂ ತಾಗದು. ಇನ್ನೊಬ್ಬರಿಗೆ ಔಷಧಿ ತಾಗಿತು, ಆದರೆ ಗಡ್ಡೆ ಅದಕ್ಕಿಂತ ಜೋರಾಗಿ ಓಡಿತು. ಮೋರ್ಟೆಲ್ 1991ರಲ್ಲಿ ಕಂಡ ಬಿರುಕೇ ಇಲ್ಲಿ ಬೇರೆ ಬಾಗಿಲಿನಿಂದ ಒಳಗೆ ಬಂದಿತ್ತು.

ಜೀನುಗಳ ಕಡೆಯಿಂದಲೂ ಸಾಕ್ಷಿ ಬರುತ್ತಿತ್ತು. 2011ರಲ್ಲಿ ಜಾನ್ಸ್ ಹಾಪ್ಕಿನ್ಸ್ ತಂಡ ಮೇದೋಜೀರಕದ ರೂಪ ಉಳಿದ 68 ಗಡ್ಡೆಗಳ ಜೀನುಗಳನ್ನು ಓದಿತು. ಅದರಲ್ಲಿ ಶೇಕಡಾ 43ರಲ್ಲಿ ಡಾಕ್ಸ್ ಅಥವಾ ಎಟಿಆರ್‌ಎಕ್ಸ್ ಎಂಬ ಜೀನು ಕೆಟ್ಟಿತ್ತು. ಮೆನ್1 ಎಂಬ ಇನ್ನೊಂದು ಜೀನೂ ಹೆಚ್ಚುಕಡಿಮೆ ಅಷ್ಟೇ ಗಡ್ಡೆಗಳಲ್ಲಿ ಕೆಟ್ಟಿತ್ತು. ಮರುವರ್ಷ ರೂಪಗೆಟ್ಟವನ್ನು ನೋಡಿದರೆ ಅಲ್ಲಿ ಹಾಳಾಗಿದ್ದುದು ಬೇರೆಯೇ ಜೋಡಿ: ಟಿಪಿ53 ಮತ್ತು ಆರ್‌ಬಿ1. ಜಿ1, ಜಿ2, ಜಿ3 ಎಂದು ಬರೆದಾಗ ನಮ್ಮ ಮನಸ್ಸಿಗೆ ಬರುವುದು ಏಣಿ. ಒಂದು ಮೆಟ್ಟಿಲು ಹತ್ತಿ ಇನ್ನೊಂದಕ್ಕೆ ಹೋದಂತೆ. ಇಲ್ಲಿ ಏಣಿಯೇ ಬೇರೆ ಬೇರೆ ಎರಡಿದ್ದವು. ರೂಪ ಉಳಿದ ಗಡ್ಡೆ ಕಾಲಕ್ರಮೇಣ ವೇಗ ಪಡೆದು ಜಿ3 ಆಗಬಹುದು, ಆದರೆ ಅದು ತನ್ನ ಏಣಿಯಲ್ಲೇ ಇರುತ್ತದೆ.

ಡಾಕ್ಟರನಲ್ಲದ ನನಗೆ ಇದೆಲ್ಲ ಯಾಕೆ ಎಂದು ಕೇಳಬಹುದು. 2016ರಲ್ಲಿ ಪುಣೆಯಲ್ಲಿದ್ದ ನನ್ನ ಭಾವನವರ ರಿಪೋರ್ಟಿನಲ್ಲಿ ಇದೇ ಹೆಸರು ಬಂದಿತ್ತು: ಮೇದೋಜೀರಕದ ನ್ಯೂರೋಎಂಡೋಕ್ರೈನ್ ಕಾರ್ಸಿನೋಮ, ಜಿ3, ಕೆಐ-67 ಶೇಕಡಾ 28. ಲಿವರಿಗೂ ಹರಡಿತ್ತು. ಅಕ್ಕ ಆ ರಾತ್ರಿ ಗೂಗಲ್ ಮಾಡಿ 'ಹನ್ನೊಂದು ತಿಂಗಳಂತೆ ಕಣೋ' ಎಂದಳು. ಅವಳು ಓದಿದ್ದು ನಾರ್ಡಿಕ್ ಅಧ್ಯಯನದ ಸಾರಾಂಶದ ಮೊದಲ ಅರ್ಧವನ್ನು. ಸ್ಲೈಡುಗಳನ್ನು ಇನ್ನೊಂದು ಊರಿನ ಹಿರಿಯ ಪೆಥಾಲಜಿಸ್ಟರಿಗೆ ಕಳಿಸಲು ಸೂಚಿಸಿದವರು ಭಾವನವರ ಡಾಕ್ಟರೇ. ಹತ್ತು ದಿನದ ಮೇಲೆ ಬಂದ ಕಾಗದದಲ್ಲಿ ಅಂಕಿ ಹೆಚ್ಚುಕಡಿಮೆ ಅದೇ ಇತ್ತು, ಜೊತೆಗೆ ಒಂದು ಸಾಲು ಹೆಚ್ಚಿತ್ತು: ಗ್ರೇಡು ಮೂರಾದರೂ ಗಡ್ಡೆಯ ರೂಪ ಉಳಿದಿದೆ. ಮೊದಲ ರಿಪೋರ್ಟು ಬರೆದವರು ಆಗಿನ ಪುಸ್ತಕ ಹೇಳಿದಂತೆಯೇ ಬರೆದಿದ್ದರು. ಎರಡನೆಯವರು ಪುಸ್ತಕದಲ್ಲಿ ಇನ್ನೂ ಇಲ್ಲದ್ದನ್ನು ಸೇರಿಸಿದರು. ಆ ಸಾಲು ನೋಡಿ ಡಾಕ್ಟರು ಸಿಸ್‌ಪ್ಲಾಟಿನ್ ಬಿಟ್ಟು ಮಾತ್ರೆಗಳ ಬೇರೊಂದು ಜೋಡಿ ಆರಿಸಿದರು. ಭಾವ ಅದಾದ ಮೇಲೆ ಐದು ವರ್ಷ ನಮ್ಮೊಡನಿದ್ದರು. ಒಬ್ಬರ ಬದುಕು ಏನನ್ನೂ ಸಾಬೀತು ಮಾಡುವುದಿಲ್ಲ, ನನಗದು ಗೊತ್ತು. ಆ ಒಂದು ಸಾಲು ಎಲ್ಲಿಂದ ಬಂತು ಎಂಬ ಕುತೂಹಲ ಮಾತ್ರ ನನ್ನನ್ನು ಬಿಡಲಿಲ್ಲ.

ಅದು ಬಂದದ್ದು ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್‌ನಂಥ ಕಡೆಗಳಿಂದ. 2015ರಲ್ಲಿ ಅಲ್ಲಿನ ಓಲ್ಜಾ ಬಾಸ್ತುರ್ಕ್, ಡೇವಿಡ್ ಕ್ಲಿಮ್‌ಸ್ಟ್ರಾ ಮೊದಲಾದವರು ಮೇದೋಜೀರಕದ ಜಿ3 ಎಂಬ ವರ್ಗ ರೂಪದಲ್ಲೂ ನಡತೆಯಲ್ಲೂ ಒಂದಲ್ಲ ಎಂದು ನೇರವಾಗಿ ಬರೆದರು. ಫ್ರಾನ್ಸಿನ ಒಂದು ಗುಂಪು 2013ರಲ್ಲೇ ಇಂಥದೇ ಪ್ರಶ್ನೆ ಎತ್ತಿತ್ತು. ಇದರ ಫಲವಾಗಿ 2017ರ ಬ್ಲೂ ಬುಕ್‌ನಲ್ಲಿ ಹೊಸ ಸಾಲು ಬಂತು: ನ್ಯೂರೋಎಂಡೋಕ್ರೈನ್ ಟ್ಯೂಮರ್, ಜಿ3. ಕಾರ್ಸಿನೋಮ ಎಂಬುದು ಇನ್ನು ರೂಪಗೆಟ್ಟವಕ್ಕೆ ಮಾತ್ರ. ಮೊದಲು ರೂಪ ನೋಡಿ ಹೆಸರಿಡಿ, ಆಮೇಲೆ ಎಣಿಸಿ ಗ್ರೇಡು ಕೊಡಿ ಎಂಬ ಕ್ರಮ.

ಆದರೆ 2017ರ ಆ ಪುಸ್ತಕ ಹಾರ್ಮೋನು ಗ್ರಂಥಿಗಳದ್ದು. ಅದರಲ್ಲಿ ಮೇದೋಜೀರಕವಿತ್ತು, ಕರುಳು ಇರಲಿಲ್ಲ! ಕರುಳಿಗೆ 2010ರ ಪುಸ್ತಕವೇ ಇನ್ನೂ ಚಾಲ್ತಿಯಲ್ಲಿತ್ತು. ಹಾಗಾಗಿ ಪುಸ್ತಕದ ಅಕ್ಷರ ಹಿಡಿದು ಹೊರಟರೆ, ಒಂದೇ ರೂಪ ಒಂದೇ ಅಂಕಿಯ ಗಡ್ಡೆ ಮೇದೋಜೀರಕದಲ್ಲಿದ್ದರೆ ಟ್ಯೂಮರ್, ಗುದನಾಳದಲ್ಲಿದ್ದರೆ ಕಾರ್ಸಿನೋಮ. ಎರಡು ಟೀಮು ಎರಡು ವರ್ಶನ್ನಿನಲ್ಲಿ ಕೆಲಸ ಮಾಡುವ ಕಷ್ಟ ನಮ್ಮ ಕಚೇರಿಗಳಲ್ಲಿ ಮಾತ್ರ ಇದೆ ಅಂದುಕೊಂಡಿದ್ದೆ. 2017ರ ನವೆಂಬರಿನಲ್ಲಿ ಲಿಯೋಂ ನಗರದಲ್ಲಿ ತಜ್ಞರು ಸೇರಿ ಎಲ್ಲ ಅಂಗಗಳಿಗೂ ಒಂದೇ ಚೌಕಟ್ಟು ಇರಲೆಂದು ಒಪ್ಪಿದರು. 2019ರ ಪುಸ್ತಕ ಜೀರ್ಣಾಂಗಗಳಿಗೆಲ್ಲ ಅದನ್ನು ವಿಸ್ತರಿಸಿತು. ಶ್ವಾಸಕೋಶದವರು ಮಾತ್ರ ಇಂದಿಗೂ ಕಾರ್ಸಿನಾಯ್ಡ್ ಎಂಬ ಓಬರ್ನ್‌ಡೋರ್ಫರ್ ಪದವನ್ನು ಬಿಟ್ಟಿಲ್ಲ.

ಎಲ್ಲ ಸ್ಲೈಡುಗಳೂ ಸುಲಭವಾಗಿ ಬೇರೆಯಾಗುತ್ತವೆ ಎಂದಲ್ಲ. ಬಯಾಪ್ಸಿ ಸೂಜಿಯಲ್ಲಿ ಬರುವುದು ಕೂದಲೆಳೆಯಂಥ ತುಂಡು. ಅದರಲ್ಲಿ ರೂಪ ಉಳಿದಿದೆಯೋ ಇಲ್ಲವೋ ಎಂದು ನುರಿತವರಲ್ಲೇ ಭಿನ್ನಾಭಿಪ್ರಾಯ ಬರುತ್ತದೆ. ಆಗ ಪಿ53, ಆರ್‌ಬಿ, ಡಾಕ್ಸ್, ಎಟಿಆರ್‌ಎಕ್ಸ್ ಬಣ್ಣ ಹಾಕಿ ನೋಡುತ್ತಾರೆ. ಹಳೆಯ ಬಯಾಪ್ಸಿಯ ಬ್ಲಾಕು ಎಲ್ಲಾದರೂ ಇದ್ದರೆ ತರಿಸಿಕೊಳ್ಳುತ್ತಾರೆ. ಅದರಲ್ಲಿ ಜಿ1 ಅಥವಾ ಜಿ2 ಸಿಕ್ಕಿದರೆ ಗಡ್ಡೆ ಯಾವ ಏಣಿಯದೆಂದು ಗೊತ್ತಾಗುತ್ತದೆ. ಊರಿಂದ ಊರಿಗೆ ಓಡಾಡುವ ನಮ್ಮಂಥವರು ಆ ಮೇಣದ ಬ್ಲಾಕುಗಳನ್ನು ಕೇಳಿ ಪಡೆದು ಜೋಪಾನವಾಗಿಟ್ಟುಕೊಳ್ಳುವುದು ಒಳ್ಳೆಯದು.

ಹೆಸರು ಬೇರೆಯಾದ ಮೇಲೆ ಔಷಧಿಯ ಪ್ರಯೋಗಗಳೂ ಬೇರೆಯಾದವು. ರೂಪ ಉಳಿದ ಗಡ್ಡೆಯ ಕೋಶಗಳ ಮೈಮೇಲೆ ಸಾಮಾನ್ಯವಾಗಿ ಸೊಮ್ಯಾಟೊಸ್ಟಾಟಿನ್ ಎಂಬ ಹಾರ್ಮೋನು ಕೂರುವ ಕೊಂಡಿಗಳು ಉಳಿದಿರುತ್ತವೆ. ಆ ಕೊಂಡಿಗೆ ಸಿಕ್ಕಿಕೊಳ್ಳುವ ಅಣುವಿಗೆ ಲುಟೇಶಿಯಂ-177 ಎಂಬ ವಿಕಿರಣ ಧಾತು ಕಟ್ಟಿ ರಕ್ತಕ್ಕೆ ಬಿಟ್ಟರೆ ಅದು ಗಡ್ಡೆಯನ್ನೇ ಹುಡುಕಿಕೊಂಡು ಹೋಗುತ್ತದೆ. 2024ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ನೆಟ್ಟರ್-2 ಪ್ರಯೋಗ ಇದನ್ನು 226 ರೋಗಿಗಳ ಮೊದಲ ಚಿಕಿತ್ಸೆಯಾಗಿಯೇ ಪರೀಕ್ಷಿಸಿತು. ಅವರೆಲ್ಲ ರೂಪ ಉಳಿದ ಜಿ2, ಜಿ3 ಗಡ್ಡೆಯವರು, ಕೆಐ-67 10ರಿಂದ 55. ಕಾಯಿಲೆ ಮತ್ತೆ ಬೆಳೆಯದೆ ನಿಂತ ಅವಧಿಯ ಮಧ್ಯಾಂಕ 22.8 ತಿಂಗಳು, ಹಾರ್ಮೋನು ಚುಚ್ಚುಮದ್ದು ಮಾತ್ರ ಪಡೆದವರಲ್ಲಿ 8.5. ಸೇರ್ಪಡೆಯ ಷರತ್ತಿನಲ್ಲಿರುವ 55ನ್ನು ಗಮನಿಸಿ, ನಾರ್ಡಿಕ್ ಲೆಕ್ಕದಲ್ಲಿ ಗುಂಪು ಒಡೆದದ್ದೂ ಅಲ್ಲೇ. 2010ರ ಪುಸ್ತಕದ ಪ್ರಕಾರ ನಡೆದಿದ್ದರೆ ಇದರಲ್ಲಿನ ಜಿ3 ರೋಗಿಗಳೆಲ್ಲ ಕಾರ್ಸಿನೋಮ ಪೆಟ್ಟಿಗೆಗೆ ಹೋಗುತ್ತಿದ್ದರು.

ಮುಂಬಯಿಯ ಓದುಗರಿಗೆ ಒಂದು ಮಾತು: ಈ ಚಿಕಿತ್ಸೆ ದೂರದ್ದಲ್ಲ. ಟ್ರಾಂಬೆಯ ಧ್ರುವ ರಿಯಾಕ್ಟರಿನಲ್ಲಿ ಲುಟೇಶಿಯಂ-177 ತಯಾರಾಗುತ್ತದೆ, ಪರೇಲಿನ ರೇಡಿಯೇಶನ್ ಮೆಡಿಸಿನ್ ಸೆಂಟರಿನಲ್ಲಿ ಬಹಳ ವರ್ಷಗಳಿಂದ ರೋಗಿಗಳಿಗೆ ಕೊಡುತ್ತಿದ್ದಾರೆ. ಕೊಡುವ ಮೊದಲು ಗ್ಯಾಲಿಯಂ-68 ಸ್ಕ್ಯಾನ್ ಮಾಡಿ ಕೊಂಡಿಗಳು ಇವೆಯೇ ಎಂದು ನೋಡುತ್ತಾರೆ. ಗಡ್ಡೆ ವೇಗದ್ದಾದರೆ ಸಕ್ಕರೆ ಹೀರುವ ಕೋಶಗಳನ್ನು ತೋರಿಸುವ ಎಫ್‌ಡಿಜಿ ಸ್ಕ್ಯಾನ್ ಕೂಡ ಮಾಡಿಸುತ್ತಾರೆ. ಒಂದು ರೂಪವನ್ನು ತೋರಿಸುತ್ತದೆ, ಇನ್ನೊಂದು ವೇಗವನ್ನು. ಎರಡೂ ಫಿಲ್ಮನ್ನು ಅಕ್ಕಪಕ್ಕ ಇಟ್ಟುಕೊಂಡು ಯಾವ ಗಂಟು ಯಾವುದರಲ್ಲಿ ಹೊಳೆಯುತ್ತಿದೆ ಎಂದು ಒಂದೊಂದಾಗಿ ಹೋಲಿಸಿ ನೋಡುತ್ತಾರೆ.